ತೊಡೆಯ ಮೇಲೆ ಲ್ಯಾಪ್‌ಟಾಪು, ಸಮುದ್ರ ಇನ್ನೂ ದೂರ

ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ನೀವು ನೋಡಿರುತ್ತೀರಿ. ನಾನು ಚಕ್ರ ಕಟ್ಟಿರುವುದು ಲ್ಯಾಪ್‌ಟಾಪಿಗೆ. ವಿಮಾ ಕಚೇರಿಯ ಕುರ್ಚಿಯಲ್ಲಿ ನೆಟ್ಟಗೆ ಒಂದು ಗಂಟೆ ಕೂರಲಾಗದ ನನಗೆ ಊರು ಬಿಡುವ ಯೋಚನೆ ಬಂತೆಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ನನ್ನ ಹೆಂಡತಿಯ ಬಳಿ ಉತ್ತರವಿದೆ. ಆ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಲೋಕವೆಲ್ಲ ಮೊಬೈಲಿನಲ್ಲಿ ದಾರಿ ನೋಡುತ್ತದೆ. ನನಗೆ ಅದು ಸಾಲದು. ಇಡೀ ದಾರಿ ಒಂದೇ ನೋಟಕ್ಕೆ ಕಾಣಬೇಕು, ಎಲ್ಲಿ ಊಟ, ಎಲ್ಲಿ ಪೆಟ್ರೋಲು ಎಂದು ಗುರುತು ಹಾಕಬೇಕು, ಹಾಕಿದ್ದನ್ನು ಅಳಿಸಿ ಮತ್ತೆ ಹಾಕಬೇಕು. ಅದಕ್ಕೇ ಲ್ಯಾಪ್‌ಟಾಪಿಗೆ ಮ್ಯಾಪಿನ ಸಾಫ್ಟ್‌ವೇರ್ ಹಾಕಿ, ಬೆಂಕಿಪೊಟ್ಟಣದಷ್ಟು ಗಾತ್ರದ ಜಿಪಿಎಸ್ ಡಬ್ಬಿಯೊಂದನ್ನು ಅದಕ್ಕೆ ಚುಚ್ಚಿಕೊಂಡಿದ್ದೇನೆ. ಇದನ್ನೆಲ್ಲ ಶುರುಮಾಡಿದ್ದೇ ಹೆಂಡತಿಗಾಗಿ. ಅವಳು ಇಂದಿರಾನಗರದ ಒಂದು ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ಹಲಸೂರಿನಲ್ಲಿ ಹುಟ್ಟಿ, ಪಕ್ಕದ ಜೋಗುಪಾಳ್ಯಕ್ಕೆ ಸೊಸೆಯಾಗಿ ಬಂದವಳು. ಉಬ್ಬರ, ಇಳಿತ, ಬಂಗಾಳ ಕೊಲ್ಲಿ ಎಲ್ಲವನ್ನೂ ವರ್ಷಗಟ್ಟಲೆ ಪಾಠ ಮಾಡಿದ್ದಾಳೆ, ಸಮುದ್ರವನ್ನು ಮಾತ್ರ ಕಣ್ಣಾರೆ ಕಂಡಿಲ್ಲ. ಅವಳು ನನ್ನನ್ನು ಕೇಳಿದ್ದು ಅದೊಂದೇ.

ಕೂತಲ್ಲೇ ಕಡಲು

ಈ ಸಾಫ್ಟ್‌ವೇರಿನಲ್ಲಿ ಒಂದು ಮಜಾ ಇದೆ. ಹೊರಡುವ ಮೊದಲೇ ಪರದೆಯ ಮೇಲೆ ಪುಟ್ಟ ನೀಲಿ ಕಾರು ದಾರಿಯುದ್ದಕ್ಕೂ ಓಡಿ ತೋರಿಸುತ್ತದೆ. ಮದ್ರಾಸಿನ ಸಮುದ್ರಕ್ಕೆ ದಾರಿ ಸಿದ್ಧ ಮಾಡಿ ಒಂದು ಸಂಜೆ ಕಾರು ಓಡಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತರು.

ನೀಲಿ ಕಾರು ಕೆ.ಆರ್. ಪುರ ದಾಟಿತು, ಹೊಸಕೋಟೆ ದಾಟಿತು. ಕೋಲಾರ ಬಂದಾಗ ಅಮ್ಮ ಕೈ ಮುಗಿದು, "ನಿಧಾನ ಕಣೋ, ಕೋಲಾರಮ್ಮನ್ನ ಹಿಂದೆ ಬಿಟ್ಬಿಟ್ಟೆ" ಎಂದರು. ಮುಳಬಾಗಿಲ ಹತ್ತಿರ, "ಇಲ್ಲಿ ಸ್ವಲ್ಪ ನಿಲ್ಲಿಸು, ಕಾಲು ಹಿಡ್ಕೊಂಡಿದೆ" ಎಂದು ಎದ್ದು ಬಚ್ಚಲಿಗೆ ಹೋಗಿ ಬಂದರು. ನಾನೂ ನಿಲ್ಲಿಸಿಕೊಂಡು ಕಾದೆ, ಸುಳ್ಳು ಹೇಳುವುದಿಲ್ಲ. ಕೊನೆಗೆ ಕಾರು ನೀಲಿ ಬಣ್ಣದ ಅಂಚಿಗೆ ಹೋಗಿ ನಿಂತಿತು.

"ಎಷ್ಟು ಚೆನ್ನಾಗಿ ಕರ್ಕೊಂಡು ಬಂದೆ, ಒಂದು ಕುಲುಕಾಟ ಇಲ್ಲ" ಎಂದು ಅಮ್ಮ ಮೆಚ್ಚಿಕೊಂಡರು. "ಸಮುದ್ರ ನೋಡಿದ್ದಾಯ್ತು. ಈಗ ವಾಪಸ್ ತಿರುಗಿಸು, ಧಾರಾವಾಹಿ ಶುರುವಾಗೋ ಹೊತ್ತು."

ಮತ್ತೆ ಯಾಕೆ ಹೋಗಬೇಕು ಎಂಬುದು ಅಮ್ಮನ ವಾದ. ಹೆಂಡತಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ ಹೋಗಿ ಬಂದ್ರು. ನಾನು ಒಳಗೆ ಕಾಫಿ ಮಾಡ್ತಿದ್ದೆ, ನನ್ನದು ತಪ್ಪಿಹೋಯ್ತು" ಎಂದಳು.

ಆಫೀಸಿನ ಟೂರು

ನನ್ನ ಈ ಖ್ಯಾತಿ ಕಚೇರಿಗೂ ಮುಟ್ಟಿ, ಶಾಖೆಯ ಪ್ರವಾಸಕ್ಕೆ ದಾರಿ ಹಾಕುವ ಕೆಲಸ ನನ್ನ ತಲೆಗೆ ಬಂತು. ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಬೇಕೆಂಬ ಆಸೆ ಎಲ್ಲರಿಗೂ. ಮನೆ ಬಾಗಿಲಿಗೇ ವ್ಯಾನ್ ಬರಬೇಕೆಂಬ ಆಸೆಯೂ ಎಲ್ಲರಿಗೂ. ಒಬ್ಬರು ಕಮ್ಮನಹಳ್ಳಿ, ಒಬ್ಬರು ಫ್ರೇಜರ್ ಟೌನ್, ಮ್ಯಾನೇಜರು ಹಲಸೂರು, ಕ್ಯಾಷಿಯರು ಕೆ.ಆರ್. ಪುರದಿಂದಲೂ ಆಚೆ. ಸಾಫ್ಟ್‌ವೇರ್ ಎಲ್ಲ ಮನೆಗಳನ್ನೂ ಸೇರಿಸಿ ಅಚ್ಚುಕಟ್ಟಾದ ಗೆರೆ ಎಳೆದುಕೊಟ್ಟಿತು. ಪ್ರತಿ ಮನೆಯಲ್ಲಿ "ಬಾಗಿಲವರೆಗೂ ಬಂದು ಹಾಗೇ ಹೋಗ್ತೀರಾ, ಒಳಗೆ ಬನ್ನಿ, ಒಂದು ಗುಟುಕು ಕಾಫಿ" ಎನ್ನುತ್ತಾರೆಂದು ಅದಕ್ಕೆ ಯಾರು ಹೇಳಬೇಕು? ಎರಡು ಮನೆಗಳಲ್ಲಿ ಉಪ್ಪಿಟ್ಟು ಕೂಡ ಕೊಟ್ಟರು. ವ್ಯಾನಿನ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡು ನಾನೊಬ್ಬನೇ ಒದ್ದಾಡುತ್ತಿದ್ದೆ.

ಕೊನೆಯದಾಗಿ ಮ್ಯಾನೇಜರನ್ನು ಹತ್ತಿಸಿಕೊಳ್ಳುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಕಟ್ಟಿಸಿಕೊಂಡಿದ್ದ ಬಿಸಿಬೇಳೆಬಾತ್ ಕೆಡುತ್ತದೆಂದು ಹಲಸೂರು ಕೆರೆಯ ದಂಡೆಯಲ್ಲೇ ಊಟ ಮುಗಿಸಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದೆವು. ಮ್ಯಾನೇಜರಿಗಂತೂ ಬಹಳ ಸಂತೋಷ. "ನಮ್ಮ ಮನೆ ಹಿಂದೆ ಇಷ್ಟು ಚೆನ್ನಾಗಿರೋ ಜಾಗ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದರು.

ಕೆ.ಆರ್. ಪುರದ ಕೆಂಪು ಗೆರೆ

ಕೊನೆಗೂ ಒಂದು ದಿನ ನಾವು ಮೂವರೂ ನಿಜವಾಗಿ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಪಕ್ಕದಲ್ಲಿ ಪುಳಿಯೋಗರೆ. ಮುಂದೆ ಹೆಂಡತಿ, ಅವಳ ತೊಡೆಯ ಮೇಲೆ ಲ್ಯಾಪ್‌ಟಾಪು. "ತೊಡೆ ಸುಡ್ತಾ ಇದೆ ರೀ" ಎಂದಳು. ಕೆಳಗೆ ಟವೆಲ್ ಹಾಕಿಕೊಳ್ಳಲು ಹೇಳಿದೆ.

ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ಹತ್ತಿರ ಬರುತ್ತಿದ್ದಂತೆ ಪರದೆಯ ಮೇಲೆ ದಾರಿ ಕೆಂಪಾಯಿತು. ಮುಂದೆ ಬಸ್ಸು, ಹಿಂದೆ ಲಾರಿ, ಪಕ್ಕದಲ್ಲಿ ನೀರಿನ ಟ್ಯಾಂಕರು. ನಿಂತಲ್ಲೇ ನಿಲ್ಲುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. "ಬೇರೆ ದಾರಿ ಕೇಳು" ಎಂದೆ. ಅವಳು ಗುಂಡಿ ಒತ್ತಿದಳು. ಎಡಕ್ಕೆ ಹೋಗು ಎಂದಿತು, ಹೋದೆ. ಅಲ್ಲಿಯೂ ಕೆಂಪು. "ಇನ್ನೊಂದು ಕೇಳು" ಎಂದೆ. ಕೆಂಪು ಕಂಡಲ್ಲೆಲ್ಲ ತಿರುಗಿಸಿದೆ. ಬಾಣಸವಾಡಿ ಬಂತು, ಕಮ್ಮನಹಳ್ಳಿ ಬಂತು, ಕಾರು ಮಾತ್ರ ಎಲ್ಲೂ ನಿಲ್ಲಲಿಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ದಾರಿಗೆ ಅಡ್ಡಲಾಗಿ ಮದುವೆಯ ಶಾಮಿಯಾನ. ಅತ್ತರು ಹಚ್ಚಿಕೊಂಡ ಹಿರಿಯರೊಬ್ಬರು ಬಾನೆಟ್ ಮೇಲೆ ಕೈಯಿಟ್ಟು, "ಹುಡುಗಿ ಕಡೆಯವರಾ? ಆಯಿಯೇ, ಗಾಡಿ ಇಲ್ಲೇ ಬಿಡಿ" ಎಂದರು. ನಾನು, "ಇಲ್ಲ, ನಾವು ಮದ್ರಾಸಿಗೆ ಹೋಗ್ತಿದ್ದೀವಿ" ಎಂದೆ. ಅವರು ನನ್ನನ್ನು, ಲ್ಯಾಪ್‌ಟಾಪನ್ನು, ಹೆಂಡತಿಯ ಮುಖವನ್ನು ಒಂದೊಂದಾಗಿ ನೋಡಿ, "ಹಾಗಾದ್ರೆ ಮೊದ್ಲು ಶರಬತ್ತು ಕುಡೀರಿ" ಎಂದರು. ಕುಡಿದೆವು. ಅಮ್ಮ ಎರಡು ಲೋಟ ಕುಡಿದರು.

ಅಲ್ಲಿಂದ ಮತ್ತೆ ಕೆಂಪು, ಮತ್ತೆ ತಿರುವು. ಕೊನೆಗೆ ಒಂದು ಖಾಲಿ ರಸ್ತೆ ಸಿಕ್ಕಿತೆಂದು ಖುಷಿಯಿಂದ ನುಗ್ಗಿದರೆ ಎದುರಿಗೆ ಗುರುತಿನ ಗೇಟು, ಗೇಟಿನ ಮೇಲೆ ನನ್ನದೇ ಲುಂಗಿ ಒಣಗುತ್ತಿತ್ತು.

ಹೆಂಡತಿ ಲ್ಯಾಪ್‌ಟಾಪನ್ನು ನನ್ನ ತೊಡೆಗೆ ದಾಟಿಸಿ, ಇಳಿದು ಬೀಗ ತೆಗೆದಳು. "ಸಮುದ್ರಕ್ಕೆ ಇನ್ನೆಷ್ಟು ದೂರ ಅಂತ ಕೇಳ್ತಾ ಇರಿ. ಅಷ್ಟರಲ್ಲಿ ಅನ್ನಕ್ಕಿಡ್ತೀನಿ" ಎಂದಳು.

ಪ್ರಸ್ಥಾನ

ಆಮೇಲೆ ಅವಳು ಸಮುದ್ರದ ಮಾತು ಎತ್ತುವುದನ್ನೇ ಕಡಿಮೆ ಮಾಡಿದಳು. ಈ ಸಲ ದಸರಾ ರಜೆ ಮುಗಿಯುತ್ತ ಬಂದಾಗ ನಾನೇ ಸೋಮವಾರ ಹೊರಡೋಣ ಎಂದೆ. ಅವಳು ಬಟ್ಟೆ ಮಡಚುತ್ತ, "ಈ ಸಲವೂ ಆಗ್ಲಿಲ್ಲ ಅಂದ್ರೆ ಬೇಜಾರಿಲ್ಲ. ಆದ್ರೆ ಇನ್ಮೇಲೆ ನಾನು ಕೇಳಲ್ಲ" ಎಂದಳು. ಅವಳು ಜಗಳಕ್ಕೆ ನಿಂತರೆ ನಾನು ತಡೆದುಕೊಳ್ಳುತ್ತೇನೆ. ಇನ್ನು ಕೇಳುವುದಿಲ್ಲ ಎಂದದ್ದು ಕೇಳಿ ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಅಮ್ಮ ಪಂಚಾಂಗ ಹಿಡಿದು ಬಂದರು. "ಸೋಮವಾರ ಪೂರ್ವಕ್ಕೆ ಶೂಲ. ಆ ದಿಕ್ಕಿಗೆ ಹೊರಡೋ ಹಾಗಿಲ್ಲ." ಸಮುದ್ರ ಇರುವುದೇ ಪೂರ್ವಕ್ಕೆ. ಭಾನುವಾರ ಹೊರಡೋಣವೆಂದರೆ ಅಂದು ಬಂಧುಗಳ ಮನೆಯಲ್ಲಿ ನಾಮಕರಣ. ಅಮ್ಮನೇ ಪರಿಹಾರವನ್ನೂ ಹೇಳಿದರು. ಪ್ರಸ್ಥಾನ ಇಟ್ಟರೆ ಆಯಿತು. ಅಂದರೆ, ಒಳ್ಳೆಯ ಹೊತ್ತಿನಲ್ಲಿ ನಮ್ಮ ಸಾಮಾನೊಂದನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಮಾರನೆಯ ದಿನ ನಾವು ಅದನ್ನು ಎತ್ತಿಕೊಂಡು ಹೊರಟರೆ ಯಾವ ಶೂಲವೂ ಇಲ್ಲ. ಒಂದೇ ನಿಯಮ, ಆ ಸಾಮಾನು ತಿರುಗಿ ಮನೆಯೊಳಗೆ ಬರಬಾರದು.

ನಾನು ಒಂದು ಜೊತೆ ಬಟ್ಟೆ ಇಡೋಣವೆಂದೆ. ಅಮ್ಮ ಒಪ್ಪಲಿಲ್ಲ. "ದಾರಿ ತೋರ್ಸೋದು ಯಾವುದೋ ಅದೇ ಮೊದ್ಲು ಹೊರಡ್ಬೇಕು" ಎಂದು, ಭಾನುವಾರ ರಾಹುಕಾಲಕ್ಕೆ ಮೊದಲೇ ಲ್ಯಾಪ್‌ಟಾಪಿನ ಬ್ಯಾಗನ್ನು ಕೆಳಗಿನ ಮನೆಯಲ್ಲಿ ಇಟ್ಟು ಬಂದರು. ಕೆಳಗಿನ ಮನೆಯ ಭಾಯ್‌ಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ. ಅಮ್ಮನಿಗೆ ನನಗಿಂತ ಅವರ ಮೇಲೆ ನಂಬಿಕೆ ಹೆಚ್ಚು. ಅಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಬ್ಯಾಗು ಹಿಡಿದುಕೊಂಡು ಹೆಂಡತಿಯೂ ಜೊತೆಗೆ ಹೋಗಿದ್ದಳು.

ಸೋಮವಾರ ಬೆಳಕು ಹರಿಯುವ ಮೊದಲೇ ನಾನು ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಭಾಯ್ ಹೆಂಡತಿ ಬಾಗಿಲು ತೆಗೆದು, "ಅವ್ರು ಸರಕು ತರೋಕೆ ಮದ್ರಾಸಿಗೆ ಹೋದ್ರಲ್ಲ. ನಿಮ್ಮ ಬ್ಯಾಗೂ ತಗೊಂಡೇ ಹೋದ್ರು" ಎಂದರು.

ಅಲ್ಲೇ ನಿಂತು ಭಾಯ್‌ಗೆ ಫೋನು ಮಾಡಿದೆ.

"ಅರೆ ಸಾರ್, ಬೇಫಿಕರ್ ಇರಿ. ನಿಮ್ಮ ಪ್ರಸ್ಥಾನ ನನ್ನ ಪಕ್ಕದ ಸೀಟಲ್ಲೇ ಕೂತಿದೆ. ಬೆಲ್ಟ್ ಹಾಕಿದ್ದೀನಿ" ಎಂದರು ಭಾಯ್. "ಈಗ ಹೊಸಕೋಟೆ ದಾಟ್ತಾ ಇದ್ದೀನಿ."

"ಭಾಯ್, ಅಲ್ಲೇ ನಿಲ್ಲಿಸಿ, ಬಂದೆ."

"ನಿಲ್ಲಿಸೋದು ಹ್ಯಾಗೆ ಸಾರ್? ಹೊರಟಿದ್ದು ಹಿಂದಕ್ಕೆ ಬರಬಾರ್ದು, ಮುಂದಕ್ಕೇ ಹೋಗ್ಬೇಕು ಅಂತ ಅಮ್ಮ ಹೇಳಿದ್ದಾರೆ. ನೀವು ಹಿಂದೆ ಬನ್ನಿ."

ಅಮ್ಮನಿಗೆ ಹೇಳಿದರೆ ಅವರು ತಲೆಯಾಡಿಸಿ, "ನೋಡು, ಭಾಯ್‌ಗಿರೋ ಶ್ರದ್ಧೆ ನಿನಗಿಲ್ಲ" ಎಂದರು.

ಅದೇ ಕೆ.ಆರ್. ಪುರ, ಅದೇ ಬಸ್ಸು, ಅದೇ ಟ್ಯಾಂಕರು. ಕೆಂಪು ಗೆರೆ ತೋರಿಸಲು ಪರದೆ ಇಲ್ಲ. ಭಾಯ್ ಹೋದ ದಾರಿಯಲ್ಲೇ ಹೋಗಬೇಕಾದ್ದರಿಂದ ಬೇರೆ ದಾರಿ ಕೇಳುವಂತೆಯೂ ಇಲ್ಲ. ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತ ಕೂತೆ. ತೊಡೆ ಖಾಲಿಯಾಗಿದ್ದ ಹೆಂಡತಿ ಕಿತ್ತಳೆ ಸುಲಿದು ಅಮ್ಮನಿಗೂ ನನಗೂ ಕೊಟ್ಟಳು. ಕೋಲಾರದಲ್ಲಿ ಫೋನು ಮಾಡಿದರೆ ಭಾಯ್ ಮುಳಬಾಗಿಲಿನಾಚೆ ಇದ್ದರು. ಮುಳಬಾಗಿಲಲ್ಲಿ ಅಮ್ಮ ದೋಸೆ ಎಂದರು. "ಕಟ್ಟಿಸ್ಕೊಂಡು ನಡೀರಿ, ಬ್ಯಾಗು ಗಡಿ ದಾಟುತ್ತೆ" ಎಂದು ಓಡಿಸಿದೆ. ಎಷ್ಟು ವೇಗವಾಗಿ ಹೋದರೂ ಲ್ಯಾಪ್‌ಟಾಪು ನನಗಿಂತ ಒಂದು ಊರು ಮುಂದೆಯೇ ಇರುತ್ತಿತ್ತು. ಅದು ತಿರುಗದ್ದರಿಂದ ನಾನೂ ತಿರುಗಲಿಲ್ಲ. ಮದ್ರಾಸು ಮುಟ್ಟಿ ಫೋನು ಮಾಡಿದರೆ ಭಾಯ್, "ಬೀಚಿಗೇ ಬಂದ್ಬಿಡಿ ಸಾರ್" ಎಂದರು.

ಮದ್ರಾಸಿನ ಬೀಚಿನ ಅಂಚಿನ ಕಟ್ಟೆಯ ಮೇಲೆ ಭಾಯ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಭಾಯ್, ಮಾರ್ಕೆಟ್ಟಲ್ಲೇ ಇದ್ದಿದ್ರೆ ಅಲ್ಲೇ ಇಸ್ಕೊಳ್ತಿದ್ನಲ್ಲ, ಇಲ್ಲೀವರೆಗೂ ಯಾಕೆ?" ಎಂದೆ.

ಅವರು ಹಿಂದುಮುಂದು ನೋಡಿ ಮೆಲ್ಲಗೆ ಹೇಳಿದರು. "ಅಕ್ಕ ನಿನ್ನೆ ಕೇಳ್ಕೊಂಡ್ರು ಸಾರ್. ಸಮುದ್ರ ಕಾಣೋವರೆಗೂ ಬ್ಯಾಗು ಕೊಡ್ಬೇಡಿ ಅಂತ."

ತಿರುಗಿ ನೋಡಿದರೆ ಹೆಂಡತಿ ನಮ್ಮ ಜೊತೆಗೆ ಇರಲೇ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನೆಟ್ಟಗೆ ನಡೆಯುತ್ತಿದ್ದಳು. ಮೊದಲ ಅಲೆ ಪಾದಕ್ಕೆ ಬಡಿದಾಗ ನಿಂತಳು, ಎರಡನೆಯದಕ್ಕೆ ಸೀರೆ ಎತ್ತಿ ಕಟ್ಟಿದಳು. ನನಗೆ ನಾಚಿಕೆಯಾಯಿತು. ಬಹಳ ಹೊತ್ತು ಅಲ್ಲೇ ನಿಂತು ನೋಡಿದೆ. ನನ್ನ ಲೆಕ್ಕದಲ್ಲಿ ಬಹಳ ಹೊತ್ತು.

ಆಮೇಲೆ ಕೈ ಸುಮ್ಮನಿರಲಿಲ್ಲ. ಬ್ಯಾಗು ಬಿಚ್ಚಿ, ಲ್ಯಾಪ್‌ಟಾಪು ತೆರೆದು, ನೀರಿನ ಅಂಚಿಗೆ ಹೋಗಿ ಕೂಗಿದೆ. "ಈಗ ಹೊರಟ್ರೆ ಟ್ರಾಫಿಕ್ ಕಮ್ಮಿ ಕಣೇ. ದಾರಿ ಪೂರ್ತಿ ನೀಲಿ ಇದೆ."

ಅವಳು ತಿರುಗಲಿಲ್ಲ. ಅಮ್ಮ ಅವಳ ಪಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಯೋಚನೆಗೆ ಬಿದ್ದರು. "ಭಾಯ್ ಸಂಜೆನೇ ಊರಿಗೆ ವಾಪಸ್ ಹೊರಡ್ತಾರಂತೆ. ನಾವು ಹೋಗೋದಕ್ಕೂ ಒಂದು ಪ್ರಸ್ಥಾನ ಕಳಿಸ್ಬಿಡೋಣ್ವೇನೇ?"

"ಕಳಿಸೋಣ ಅತ್ತೆ" ಎಂದಳು ಹೆಂಡತಿ, ಬರುವ ಅಲೆಯ ಮೇಲಿನ ಕಣ್ಣು ತೆಗೆಯದೆ. "ಈ ಸಲ ಇವ್ರನ್ನೇ ಕಳಿಸ್ಬಿಡಿ. ಕಾರಿನ ಕೀ ಮಾತ್ರ ಇಸ್ಕೊಳ್ಳಿ."