ಕುಸ್ವಾರಿನಲ್ಲಿ ಹೋದ ಸೋಪು

ಅಲ್ಫೋನ್ಸ್ ಮಾಡಿದ ತಪ್ಪು ಒಂದೇ. ಸೋಪನ್ನು ಬರ್ಫಿಯ ಹಾಗೆ ಓರೆಯಾಗಿ, ಚಂದವಾಗಿ ಕತ್ತರಿಸಿ ಅಡುಗೆಮನೆಯ ಟ್ರೇಯಲ್ಲಿ ಇಟ್ಟಿದ್ದ.

ಕುವೈಟಿನ ಕೆಲಸ ಬಿಟ್ಟು ಬಂದ ಮೇಲೆ ಅವನಿಗೆ ಸೋಪು ತಯಾರಿಸುವ ಹುಚ್ಚು ಹಿಡಿದಿತ್ತು. ಮೊದಲನೆಯದರಲ್ಲಿ ನೊರೆಯೇ ಬರಲಿಲ್ಲ. ಎರಡನೆಯದು ಬಚ್ಚಲಲ್ಲಿ ಪುಡಿಪುಡಿಯಾಯಿತು. ಮೂರನೆಯದನ್ನು ಹಚ್ಚಿಕೊಂಡ ಹೆಂಡತಿ ಮಟಿಲ್ಡಾ ಎರಡು ದಿನ ಮೈ ಕೆರೆದುಕೊಂಡಳು. ನಾಲ್ಕು, ಐದು, ಆರರ ಸುದ್ದಿ ಬೇಡ. ಆದರೆ ಏಳನೆಯದು ಗೆದ್ದಿತು! ತೆಂಗಿನೆಣ್ಣೆ, ತೆಂಗಿನ ಹಾಲು, ಚೂರು ಬೆಲ್ಲ, ಏಲಕ್ಕಿ ಎಣ್ಣೆ. ಆರು ವಾರ ಒಣಗಿಸಿ ಕೈಗೆ ಹಚ್ಚಿದರೆ ಬೆಣ್ಣೆಯಂಥ ನೊರೆ. ಅಲ್ಫೋನ್ಸ್ ಬಚ್ಚಲಲ್ಲೇ ಕುಣಿದುಬಿಟ್ಟ.

ಈಗ ಸಂಜೆ ನಾಲ್ಕಕ್ಕೆ ಅದನ್ನು ಹಂಪನಕಟ್ಟೆಯ ಬಶೀರಾಕನಿಗೆ ತೋರಿಸಬೇಕು. ಅವರು ಮೆಚ್ಚಿದರೆ ಅವರ ದೊಡ್ಡ ಅಂಗಡಿಯಲ್ಲಿ ಒಂದಿಡೀ ಕಪಾಟು ಇವನದು. ಮಾರನೆಯ ದಿನ ಅವರು ದುಬೈಗೆ ಹೊರಡುವವರು, ಹಾಗಾಗಿ ಇವತ್ತು ತಪ್ಪಿದರೆ ತಪ್ಪಿದ ಹಾಗೆಯೇ.

ಎರಡು ಗಂಟೆಗೆ ನೋಡಿದರೆ ಟ್ರೇ ಖಾಲಿ.

"ಮಟಿಲ್ಡಾ! ಇಲ್ಲಿದ್ದದ್ದು ಎಲ್ಲಿ?"

"ಕುಸ್ವಾರಿನ ಪ್ಲೇಟಿಗೆ ಹಾಕಿ ಪಕ್ಕದ ಮನೆಗೆ ಕೊಟ್ಟೆ. ನೀವು ಒಂದು ಕ್ರಿಸ್ಮಸಿಗಾದ್ರೂ ತಿಂಡಿ ಮಾಡಿದ್ರಲ್ಲ ಅಂತ ನಂಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ?"

ಹಬ್ಬದ ತಿಂಡಿಗಳ ಆ ತಟ್ಟೆಯ ಬೆನ್ನು ಹತ್ತಿ ಅಲ್ಫೋನ್ಸ್ ಬರಿಗಾಲಲ್ಲೇ ಓಡಿದ. ಪಕ್ಕದ ಮನೆಯ ಖೈರುನ್ನಿಸಾ ಮುಖ ಸಣ್ಣ ಮಾಡಿಕೊಂಡಳು.

"ಬೇಜಾರು ಮಾಡ್ಬೇಡಿ ಅಲ್ಫೋನ್ಸಣ್ಣ, ನಮ್ಮವರಿಗೆ ಶುಗರ್ ಉಂಟಲ್ಲ. ಪ್ಲೇಟು ಹಾಗೇ ಎದುರುಮನೆ ರೊಸಾಲಿನ್ ಬಾಯಿಯವರಿಗೆ ಕೊಟ್ಟೆ. ಮಟಿಲ್ಡಾ ಬಾಯಿಗೆ ಹೇಳ್ಬೇಡಿ ಆಯ್ತಾ?"

ಎದುರುಮನೆಯ ರೊಸಾಲಿನ್ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು. "ನಮ್ಮಲ್ಲೇ ಹನ್ನೊಂದು ಪ್ಲೇಟು ಕುಸ್ವಾರ್ ಉಂಟು ಮಾರಾಯ! ಅದನ್ನು ಇಟ್ಟುಕೊಂಡು ನಾನು ಎಂತ ಮಾಡ್ಲಿ? ಮೂಲೆಮನೆಯ ಮೋಹನದಾಸ್ ಮಾಸ್ಟ್ರಿಗೆ ಕೊಟ್ಟೆ."

ಒಬ್ಬರೂ ತಿಂದಿಲ್ಲ! ಅಲ್ಫೋನ್ಸನಿಗೆ ಹೋದ ಜೀವ ಬಂದಂತಾಯಿತು. ಮಟಿಲ್ಡಾ ಇಷ್ಟು ವರ್ಷ ಹಂಚಿದ ತಿಂಡಿಯ ಗತಿಯೂ ಇದೇ ಇರಬೇಕು ಎಂದು ಹೊಳೆದರೂ ಮರುಗಲು ಪುರುಸೊತ್ತಿರಲಿಲ್ಲ.

ನಿವೃತ್ತ ಮಾಸ್ತರರಾದ ಮೋಹನದಾಸರು ಜಗಲಿಯಲ್ಲಿ ಕೂತಿದ್ದರು. ಅಲ್ಫೋನ್ಸ್ ಏದುಸಿರು ಬಿಡುತ್ತ ನಡೆದದ್ದನ್ನೆಲ್ಲ ಹೇಳಿದ.

"ಅದು ಸೋಪಾ? ಭಾರೀ ಪರಿಮಳ ಇತ್ತು ಮಾರಾಯ! ಎಂತೆಂತ ಹಾಕಿದ್ದು?" ಎಂದರು ಮಾಸ್ತರರು.

ಒಂದು ವರ್ಷದಿಂದ ಯಾರಾದರೂ ಹೀಗೆ ಕೇಳಲಿ ಎಂದು ಕಾದಿದ್ದ ಅಲ್ಫೋನ್ಸ್ ಕರಗಿಹೋದ. ಎಣ್ಣೆ ಎಷ್ಟು, ಬೆಲ್ಲ ಯಾವಾಗ, ಕಾಸ್ಟಿಕ್ ಸೋಡಾದ ನೀರು ಎಷ್ಟು ತಣಿಯಬೇಕು, ಒಂದೂ ಬಿಡದೆ ಹೇಳಿದ. ಮಾಸ್ತರರು ಕಣ್ಣು ಮುಚ್ಚಿ ಪಾಠದಂತೆ ಕೇಳಿಸಿಕೊಂಡರು.

"ಪ್ಲೇಟನ್ನು ಈಗಷ್ಟೇ ಹಂಪನಕಟ್ಟೆಗೆ ಹೋದಾಗ ಬಶೀರಾಕನಿಗೆ ಕೊಟ್ಟು ಬಂದೆ. ನಮ್ಮ ಹಳೇ ಪರಿಚಯ," ಎಂದರು ಕೊನೆಗೆ.

ಸೋಪು ತಾನಾಗಿ ನಡೆದು ಹೋಗಬೇಕಾದಲ್ಲಿಗೇ ಹೋಗಿದೆ! ಅಲ್ಫೋನ್ಸ್ ಮಾಸ್ತರರ ಎರಡೂ ಕೈ ಹಿಡಿದು ಕುಲುಕಿ, ಮನೆಗೆ ಓಡಿ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದ. ಪಂಪ್‌ವೆಲ್ಲಿನಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದರೂ ಅವನ ಮುಖದ ನಗು ಮಾಸಲಿಲ್ಲ.

ಅವನು ಅಂಗಡಿ ಹೊಕ್ಕಾಗ ಬಶೀರಾಕ ಮೊಣಕೈತನಕ ನೊರೆ ಮಾಡಿಕೊಂಡು ನಿಂತಿದ್ದರು.

"ಬಶೀರಾಕ, ಅದು..."

"ಸೋಪು! ಗೊತ್ತಾಯ್ತು, ಒಂದು ತುಂಡು ಕಚ್ಚಿಯೂ ನೋಡಿದೆ. ಎಂಥ ನೊರೆ ಮಾರಾಯ! ಕಪಾಟು ಕೊಟ್ಟಾಯ್ತು."

"ಕೊಟ್ರಾ!" ಅಲ್ಫೋನ್ಸನ ಕಣ್ಣಲ್ಲಿ ನೀರು ಬಂತು.

"ಕೊಡದೆ? ಆಗಲೇ ಮೋಹನದಾಸ್ ಮಾಸ್ಟ್ರಿಗೆ ಫೋನ್ ಮಾಡಿದೆ. ಎಂಥ ತಲೆ ಅವರದ್ದು! ಎಂತೆಂತ ಹಾಕಿದ್ದು ಅಂತ ಒಂದೂ ಬಿಡದೆ ಹೇಳಿದ್ರು."

"ಅದು ನನ್ನ ಸೋಪು!"

ಬಶೀರಾಕ ನಕ್ಕರು. "ನೀವು ಹೀಗೆ ಹೇಳ್ತೀರಿ ಅಂತಲೂ ಹೇಳಿದ್ರು. ಮಧ್ಯಾಹ್ನದಿಂದ ನೀವು ಅವರ ಸೋಪಿಗಾಗಿ ಮನೆ ಮನೆ ಸುತ್ತಿದ್ರಂತಲ್ಲ? ಸರಿ, ನಿಮ್ಮ ಸೋಪು ಎಲ್ಲಿ, ತೋರಿಸಿ."

ಅಲ್ಫೋನ್ಸ್ ತನ್ನ ಖಾಲಿ ಕೈ ನೋಡಿಕೊಂಡ.

ಬಶೀರಾಕನಿಗೆ ಪಾಪ ಅನಿಸಿತು. "ಬೇಜಾರು ಮಾಡ್ಬೇಡಿ. ಮಾಸ್ಟ್ರಿಗೆ ಸೋಪು ಕಲಸಲಿಕ್ಕೆ ಒಬ್ಬ ಜನ ಬೇಕಂತೆ. ಅವರೇ ನಿಮ್ಮ ಹೆಸರು ಹೇಳಿದ್ರು."