ಶಿರೀನಬಾಯಿಯ ಗೋಧಿ ಸಸಿ

ನಮ್ಮ ಹಬ್ಬಗಳಿಗಿಂತ ನೆರೆಮನೆಯವರ ಹಬ್ಬಗಳೇ ನನಗೆ ಹೆಚ್ಚು ಇಷ್ಟ. ಗಟ್ಟಿಯಾಗಿ ಹೇಳಿದರೆ ಅತ್ತೆಯವರು ಮಾತು ಬಿಟ್ಟಾರು, ಅದಕ್ಕೆ ನಿಮಗಷ್ಟೇ ಹೇಳುತ್ತಿದ್ದೇನೆ. ನಮ್ಮ ಹಬ್ಬವೆಂದರೆ ನಸುಕಿನಲ್ಲೆದ್ದು ಮನೆ ಸಾರಿಸಬೇಕು, ಹೂರಣ ರುಬ್ಬಬೇಕು, ಹೋಳಿಗೆ ಬೇಯಿಸುತ್ತ ನಾನೇ ಅರ್ಧ ಬೇಯಬೇಕು. ಕೊನೆಗೆ ಎಲ್ಲರದೂ ಊಟವಾದ ಮೇಲೆ ಹರಿದ ಹೋಳಿಗೆ ನನ್ನ ಪಾಲಿಗೆ. ನೆರೆಯವರ ಹಬ್ಬಕ್ಕಾದರೆ ಇಳಕಲ್ಲ ಸೀರೆ ಉಟ್ಟು ಹೋಗಿ ಕೂತು, ಕೊಟ್ಟದ್ದನ್ನು ತಿಂದು, ‘ಭಾಳ ಛಲೋ ಆತ್ರಿ’ ಎಂದು ಹೇಳಿ ಬಂದರಾಯಿತು. ಹೀಗೆ ಇನ್ನೊಬ್ಬರ ಹಬ್ಬದಲ್ಲಿ ಸುಖ ಕಾಣುವ ನಾನು, ಒಮ್ಮೆ ಇನ್ನೊಬ್ಬರ ಹಬ್ಬವನ್ನು ಪೂರಾ ತಲೆಯ ಮೇಲೆ ಹೊತ್ತುಕೊಂಡೆ.

ಗೋಕಾಕದ ಪೇಟೆಯಲ್ಲಿ ನಮ್ಮ ಮನೆಯ ಪಕ್ಕಕ್ಕೆ ಇರಾಣಿ ರುಸ್ತುಮಶೇಟರ ಚಹಾದಂಗಡಿ ಇತ್ತು. ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಶಿರೀನಬಾಯಿ ಬಂದ ಹೊಸದರಲ್ಲಿ ಹಿಂದೀ ಮಾತಾಡುತ್ತಿದ್ದಳು. ವರ್ಷ ತುಂಬುವುದರೊಳಗೆ ನಮ್ಮ ಓಣಿಯ ಹೆಂಗಸರಿಗಿಂತ ಚೆನ್ನಾಗಿ ನಮ್ಮ ಮಾತು ಕಲಿತು, ಹಾಲು ಹಾಕುವವಳ ಜೊತೆ ಜಗಳವನ್ನೂ ಅದರಲ್ಲೇ ಆಡತೊಡಗಿದಳು. ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ನನ್ನ ಮಗಳು ಗಂಗಿ ಮನೆಯಲ್ಲಿ ಕಾಣದಿದ್ದರೆ ಹುಡುಕುವ ಕೆಲಸವೇ ಇರಲಿಲ್ಲ, ಶಿರೀನಬಾಯಿಯ ತೊಡೆಯ ಮೇಲೆ ಇರುತ್ತಿದ್ದಳು.

ನಮ್ಮ ಯುಗಾದಿಯ ಸುಮಾರಿಗೆ ಅವರಿಗೂ ಹೊಸ ವರ್ಷ. ಹಗಲು ರಾತ್ರಿ ಸರಿಸಮನಾಗುವ ದಿನ ಅದು ಹುಟ್ಟುತ್ತದಂತೆ. ಹಬ್ಬಕ್ಕೆ ಮೊದಲೇ ಶಿರೀನಬಾಯಿ ಒಂದು ತಾಟಿನಲ್ಲಿ ಗೋಧಿ ನೆನೆಹಾಕಿ, ಒದ್ದೆ ಬಟ್ಟೆ ಹೊಚ್ಚಿ, ಸಸಿ ಎಬ್ಬಿಸುತ್ತಿದ್ದಳು. ಹಬ್ಬದ ದಿನ ಮೇಜಿನ ಮೇಲೆ ಆ ಹಸಿರು ತಾಟು, ಕನ್ನಡಿ, ಸೇಬು, ಬೆಳ್ಳುಳ್ಳಿ, ಸಿರ್ಕಾ ಎಂಬ ಹುಳಿನೀರು, ಜೊತೆಗೆ ಬಣ್ಣ ಹಚ್ಚಿದ ಕೋಳಿತತ್ತಿಗಳು. ದೇವರ ಮುಂದೆ ಬೆಳ್ಳುಳ್ಳಿ ಇಡುವ ಜನರನ್ನು ನಾನು ಆಗಲೇ ಮೊದಲು ಕಂಡದ್ದು.

ತತ್ತಿಗೆ ಬಣ್ಣ ಹಚ್ಚುವುದು ಮಕ್ಕಳ ಕೆಲಸ. ಅವರ ಮನೆಯಲ್ಲಿ ಮಕ್ಕಳಿಲ್ಲ, ನಮ್ಮ ಮನೆಯಲ್ಲಿ ತತ್ತಿಯ ಹೆಸರೆತ್ತುವಂತಿಲ್ಲ. ಒಂದು ವರ್ಷ, ತಾನೂ ಹಚ್ಚುತ್ತೇನೆಂದು ಗಂಗಿ ಅತ್ತು ಕರೆದು ಊಟ ಬಿಟ್ಟಳು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ನಮ್ಮೂರಿನಲ್ಲಿ ಕಟ್ಟಿಗೆಯ ಮಾವಿನಹಣ್ಣು, ಬಾಳೆಹಣ್ಣು ಮಾಡಿ ಬಣ್ಣ ಹಚ್ಚುವ ಗೊಂಬೆಯವರಿಗೆ ಏನು ಬರ? ಅವರಲ್ಲಿ ಒಬ್ಬ ಮುದುಕನ ಬಳಿ ಹೋಗಿ ಕಟ್ಟಿಗೆಯ ತತ್ತಿಗಳನ್ನು ಮಾಡಿಕೊಡು ಎಂದೆ. ಅವನು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿದ. “ಯವ್ವಾ, ಮಾವಿನಹಣ್ಣ ಕೇಳು, ಪೇರಲಹಣ್ಣ ಕೇಳು. ನಿಮ್ಮ ಮನಿಗೆ ತತ್ತಿ ಮಾಡಿಕೊಟ್ಟೆ ಅಂದ್ರ ನಾಳೆ ನಿಮ್ಮ ಅತ್ತಿ ನನ್ನ ಅಂಗಡಿ ಮುಂದ ಬಂದು ನಿಂದರ್ತಾಳ” ಎಂದ. ಆದರೂ ಮಾಡಿಕೊಟ್ಟ.

ಶಿರೀನಬಾಯಿ ಓಣಿಯ ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿದಳು. ಅರಿಷಿಣ, ಕುಂಕುಮ, ಬಟ್ಟೆಗೆ ಹಾಕುವ ನೀಲಿ, ಇವನ್ನು ಕರದಂಟಿಗೆ ಹಾಕುವ ಅಂಟಿನ ನೀರಿನಲ್ಲಿ ಕಲೆಸಿದರೆ ಬಣ್ಣ. ಬೇವಿನ ಕಡ್ಡಿಯ ತುದಿ ಜಜ್ಜಿದರೆ ಕುಂಚ. ಯಾರು ಬೇಕಾದರೂ ಮಾಡಬಹುದು, ಅಂಟನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನಮ್ಮ ಮಕ್ಕಳು ಅರ್ಧ ತಿಂದೇಬಿಟ್ಟಿದ್ದರು. ಗಂಗಿ ತನ್ನದನ್ನು ಕುಣಿಯುತ್ತ ಮನೆಗೆ ತಂದಳು. “ಕಟಿಗೀದಾದ್ರೇನ, ತತ್ತಿ ತತ್ತೀನ! ಹೊರಗ ಒಗಿ ಅದನ್ನ” ಎಂದು ಗುಡುಗಿದ ಅತ್ತೆಯವರು, ಹತ್ತಿರ ಬಂದು ಬಗ್ಗಿ ನೋಡಿದರು. ಹುಡುಗಿ ಅದಕ್ಕೆ ತನ್ನ ಹಣೆಯ ಮೇಲಿದ್ದ ಹಾಗೆಯೇ ಮೂರು ಪಟ್ಟೆ ವಿಭೂತಿ ಎಳೆದಿದ್ದಳು. “ವಿಭೂತಿ ಹಚ್ಚಿದ ಮ್ಯಾಲ ಹೆಂಗ ಹೊರಗ ಒಗೀಲಿ?” ಎಂದು ಗೊಣಗುತ್ತ ಅವರೇ ಅದನ್ನು ದೇವರ ಜಗಲಿಯ ಮೂಲೆಯಲ್ಲಿ ಇಟ್ಟರು. ಅದು ಇಂದಿಗೂ ಅಲ್ಲೇ ಇದೆ, ದಿನಾ ಪತ್ರಿ ಏರಿಸಿಕೊಳ್ಳುತ್ತದೆ.

ಅದೇ ಹಬ್ಬದ ನಡುವೆ ಮುಂಬಯಿಯಿಂದ ರುಸ್ತುಮಶೇಟರ ಅಣ್ಣ ತೀರಿಕೊಂಡ ಸುದ್ದಿ ಬಂತು. ಅಲ್ಲಿಯ ಅಂಗಡಿಯನ್ನು ಇವರೇ ನೋಡಿಕೊಳ್ಳಬೇಕಾಗಿತ್ತು. ಎರಡು ದಿನದಲ್ಲಿ ಗಂಟುಮೂಟೆ ಕಟ್ಟಿದರು. ಹೊರಡುವ ಹೊತ್ತಿಗೆ ಶಿರೀನಬಾಯಿ ಆ ಗೋಧಿ ಸಸಿಯ ತಾಟನ್ನು ನನ್ನ ಕೈಗೆ ಕೊಟ್ಟಳು.

“ನೀಲಕ್ಕಾ, ಹಬ್ಬದ ಹದಿಮೂರನೇ ದಿನಕ್ಕ ಇದನ್ನ ಹರಿಯೋ ನೀರಿಗೆ ಬಿಡಬೇಕ್ರಿ. ಬಿಡೂ ಮುಂದ ಎರಡ ಎಳಿ ಹಿಡಿದು ಗಂಟ ಹಾಕ್ರಿ. ಮಕ್ಕಳ ತಾಯಿ ಕೈಲೆ ಹಾಕಿದ್ರ ಛಲೋ. ನನ್ನ ಮನಸಿನ್ಯಾಗ ಏನೈತಿ ನಿಮಗ ಗೊತ್ತೈತಲ್ಲ?”

ಗೊತ್ತಿತ್ತು. ಗಂಗಿಯನ್ನು ಅಪ್ಪಿಕೊಂಡು ಅವಳು ಅತ್ತದ್ದನ್ನು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಎಲ್ಲ ಬಲ್ಲವಳ ಹಾಗೆ ತಲೆಯಾಡಿಸಿದೆ. ಹೆಚ್ಚಿಗೆ ಒಂದು ಮಾತು ಕೇಳಿಕೊಳ್ಳಲಿಲ್ಲ.

ಆ ದಿನ ಬಂತು. ಬೇಸಿಗೆಯಲ್ಲಿ ಊರ ಮುಂದಿನ ಹೊಳೆ ಹರಿಯುವುದಕ್ಕಿಂತ ನಿಂತಿರುವುದೇ ಹೆಚ್ಚು. ಒಡ್ಡಿನ ನೀರು ಬಿಡುವ ಧುಪದಾಳಕ್ಕೇ ಹೋಗಬೇಕೆಂದು ಗಾಡಿ ಹೂಡಿಸಿದೆವು. ಅತ್ತೆಯವರು ತಾವೂ ಬರುತ್ತೇನೆಂದು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹತ್ತಿದರು. ನೀರಿನ ದಂಡೆಯಲ್ಲಿ ನಾನು ಎರಡು ಎಳೆ ಹಿಡಿದೆ. “ಗಟ್ಟಿ ಹಾಕವಾ. ಪಾಪ, ಆ ಹುಡಿಗಿ ನಮ್ಮನ್ನ ನಂಬಿ ಹೋಗ್ಯಾಳ” ಎಂದರು ಅತ್ತೆ. ಗಟ್ಟಿ ಹಾಕುವುದನ್ನು ನನಗೆ ಹೇಳಿಕೊಡಬೇಕೆ? ಕುಲಗೋಡದ ಒಕ್ಕಲುತನದ ಮನೆಯ ಮಗಳು ನಾನು. ಜೋಳದ ಕಣಿಕೆಯ ಸೂಡು ಕಟ್ಟಿದರೆ ಎತ್ತೇ ತಿಂದು ಬಿಚ್ಚಬೇಕು, ಅಂಥ ಕೈ. ಹೊಲದಲ್ಲಿ ಹಾಕುವ ಅದೇ ಗಂಟನ್ನು ಹಾಕಿದೆ. ಅತ್ತೆ ಎಳೆದು ನೋಡಿ, ಸಮಾಧಾನವಾಗದೆ, ಮೇಲೊಂದು ತಾವು ಬಿಗಿದರು. ತಾಟು ಬರಿದು ಮಾಡಿದೆವು. ಸಸಿ ತೇಲುತ್ತ ಹೋಯಿತು. ರೊಟ್ಟಿ ತಿಂದು, ದೊಡ್ಡ ಪುಣ್ಯ ಕಟ್ಟಿಕೊಂಡವರ ಹಾಗೆ ಮನೆಗೆ ಬಂದೆವು.

ಮರುವರ್ಷ ರುಸ್ತುಮಶೇಟರು ಉಳಿದ ಕುರ್ಚಿ ಮೇಜು ಮಾರಲು ಬಂದರು. ಮನೆಯಲ್ಲಿ ಏನಾದರೂ ವಿಶೇಷವೇ ಎಂದು ನಾನು ಆಸೆಯಿಂದ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. “ಅದ್ಹೆಂಗ್ರಿ? ಗಂಟ ಎಂಥಾದ್ದ ಹಾಕೇನಿ ಅಂತೀರಿ! ಈಗೂ ಬಿಚ್ಚಿರಂಗಿಲ್ಲ” ಎಂದೆ. ಶೇಟರು ಮೊದಲು ನಕ್ಕರು, ಆಮೇಲೆ ಚಹಾದ ಬಸಿಯನ್ನು ಕೆಳಗಿಟ್ಟರು.

“ಅಕ್ಕಾ, ಅದನ್ನ ಸಡಲ ಹಾಕಬೇಕ್ರಿ. ನೀರಾಗ ಹೊಂಟಾಗ ತಾನ ಬಿಚ್ಚಬೇಕು. ಬಿಚ್ಚಿದ್ರನ ಬೇಡಿದ್ದು ಆಗೂದು.”

ಒಳಗಿನಿಂದ ಕೇಳುತ್ತಿದ್ದ ಅತ್ತೆಯವರು ಹೊರಗೆ ಬರಲಿಲ್ಲ. “ಆಕಿಗೆ ಹೇಳಬ್ಯಾಡ್ರಿ” ಎಂದೆ. “ಹೇಳೂದಿಲ್ಲ” ಎಂದರು. ಹೋಗುವಾಗ ಗಂಗಿಯ ಕೈಗೆ ಶಿರೀನಬಾಯಿ ಕಳಿಸಿದ ಬಳೆಗಳನ್ನು ಕೊಟ್ಟು ಹೋದರು.

ನನ್ನ ಯಜಮಾನರು ಕೋರ್ಟಿನಲ್ಲಿ ಕಾರಕೂನರು. ಸಾಕ್ಷಿಯಿಲ್ಲದ ಯಾವುದನ್ನೂ ನಂಬುವವರಲ್ಲ. ಹುಲ್ಲಿನ ಗಂಟಿಗೂ ಮಕ್ಕಳಾಗುವುದಕ್ಕೂ ಏನು ಸಂಬಂಧ ಎಂದು ನಗುತ್ತಾರೆ. ನಾನೂ ನಂಬುವುದಿಲ್ಲ. ಆದರೂ ಪ್ರತಿ ವರ್ಷ ಯುಗಾದಿಯ ಸುಮಾರಿಗೆ ಅತ್ತೆಯವರು ಒಂದು ತಾಟಿನಲ್ಲಿ ಗೋಧಿ ನೆನೆಹಾಕುತ್ತಾರೆ, ನಾನು ಗಾಡಿ ಹೂಡಿಸುತ್ತೇನೆ. ಈಗ ಗಂಟನ್ನು ಮನೆಯಲ್ಲೇ, ನೋಡಿ ನೋಡಿ, ಸಡಿಲವಾಗಿ ಹಾಕುತ್ತೇನೆ. ಹಾಳು ಕೈಗೆ ಹದವೆಂಬುದೇ ಗೊತ್ತಿಲ್ಲ. ಧುಪದಾಳ ಮುಟ್ಟುವ ಮೊದಲೇ, ಗಾಡಿಯ ಕುಲುಕಾಟಕ್ಕೆ, ಅದು ಬಿಚ್ಚಿಕೊಂಡಿರುತ್ತದೆ. ಗಾಡಿಯಲ್ಲಿ ಬಿಚ್ಚಿದ್ದು ನಡೆಯುತ್ತದೆಯೇ ಎಂದು ಅತ್ತೆಯವರು ನನ್ನನ್ನು ಕೇಳುತ್ತಾರೆ. ಅದನ್ನು ಕೇಳಿ ತಿಳಿಯೋಣವೆಂದರೆ ಗೋಕಾಕದಲ್ಲಿ ಈಗ ಶಿರೀನಬಾಯಿ ಇಲ್ಲ.