ಮಾವಿನ ಮರದಡಿಯ ಅನಧಿಕೃತ ಸಹಕಾರದ ಕುರಿತು

ಶುಶ್ರೂಷಾ ಶಿಕ್ಷಣ ವಿಭಾಗ, ಸಮಗ್ರ ವಿಕಾಸ ಶಾಖೆ
ಪರಾಗ್ವೆ
ಸಂಖ್ಯೆ: ಸವಿಶಾ/ಸಹಕಲಿ/ಮಾಮ/17

ವಿಷಯ: ಸಹಕಾರಿ ಕಲಿಕೆಯ ಅವಧಿಯಲ್ಲಿ ವಿದ್ಯಾರ್ಥಿಗಳು ಪರಸ್ಪರ ಸಹಕರಿಸುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1. ವೀಕ್ಷಕರ ವರದಿ. 2. ಕುಮಾರಿ ಸುನಿಲ್ದಾ ಅಯಾಲಾ ಇವರ ಮನವಿ. 3. ಸದರಿ ಮಾವಿನ ಮರ.

ಪ್ರಸ್ತಾವನೆ: ಅಂತಿಮ ವರ್ಷದ ವಿದ್ಯಾರ್ಥಿಗಳು ಮಾವಿನ ಮರದಡಿ ಸುತ್ತಲೂ ಕುಳಿತು, ಎಲೆಯ ಮೇಲೆ ತಣ್ಣೀರು ಹಾಕಿ ಹೀರುವ ತೆರೆರೆ ಎಂಬ ಪಾನೀಯದ ಒಂದೇ ಬಟ್ಟಲು, ಒಂದೇ ಹೀರುಗೊಳವೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಪಾಠ ಓದುತ್ತಿದ್ದು, ಅದರಿಂದ ಅವರಿಗೆ ಪಾಠ ಅರ್ಥವಾಗುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಕುರ್ಚಿಗಳನ್ನು ನೆಲಕ್ಕೆ ಬಿಗಿದು ಸಿದ್ಧಪಡಿಸಿದ ಸಹಕಾರ ಕೊಠಡಿಯು ಖಾಲಿ ಬಿದ್ದಿದೆ. ಬಟ್ಟಲಿಗೆ ನೀರು ಹಾಕುವ ಕುಮಾರಿ ಸುನಿಲ್ದಾ ಇವರು ಚರ್ಚೆಯಲ್ಲಿ ಮಾತನಾಡದ ಕಾರಣ, ವೀಕ್ಷಕರು ಐದಕ್ಕೆ ಒಂದು ಅಂಕ ನೀಡಿ ಅನುತ್ತೀರ್ಣಗೊಳಿಸಿರುತ್ತಾರೆ. ಇದರಿಂದ ಅವರಿಗೆ ಪದವಿ ದೊರೆಯುವುದಿಲ್ಲ. ಅವರ ಊರಿನ ಆರೋಗ್ಯ ಕೇಂದ್ರವು ದಾದಿಯಿಲ್ಲದೆ ಬೀಗ ಹಾಕಿಕೊಂಡಿದ್ದು, ಊರವರು ಇವರ ದಾರಿಯನ್ನೇ ಕಾಯುತ್ತಿದ್ದಾರೆಂಬ ಅವರ ಮನವಿಯ ಅಂಶಕ್ಕೆ ಅಂಕದ ನಮೂನೆಯಲ್ಲಿ ಸ್ಥಳವಿರುವುದಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಏಕೆ ಮಾತನಾಡುವುದಿಲ್ಲವೆಂದು ವೀಕ್ಷಕರು ಕೇಳಲಾಗಿ ಸದರಿ ವಿದ್ಯಾರ್ಥಿನಿಯು, "ಎಲ್ಲರೂ ಮಾತಾಡ್ತಾ ಕೂತ್ರೆ ನೀರು ಹಾಕೋರು ಯಾರು ಪ್ರೊಫೆಸರ್ರೇ? ಪಾಠ ತಿಳೀದೆ ಸುಮ್ನೆ ಕೂತಿರ್ತಾನಲ್ಲ, ಅವನ ಕೈಗೇ ಮೊದ್ಲು ಕೊಡ್ತೀನಿ. ಬಟ್ಟಲು ಕೈಗೆ ಬಂದ್ರೆ ಬಾಯೂ ಬಿಡ್ತಾನೆ" ಎಂದು ಉತ್ತರಿಸಿರುತ್ತಾರೆ. ಯಾರಿಗೆ ತಿಳಿದಿಲ್ಲವೆಂದು ತಿಳಿದುಕೊಳ್ಳುವುದು ಕಲಿಕೆಯಲ್ಲವೆಂದು ಸ್ಪಷ್ಟಪಡಿಸಲಾಗಿದೆ.

2. ಬಟ್ಟಲು ಹಿಡಿದು ಹರಟುತ್ತಿದ್ದ ಶ್ರೀ ಎವೆರ್ ಎಂಬ ವಿದ್ಯಾರ್ಥಿಗೆ ಸಹಪಾಠಿ ಕುಮಾರಿ ಲಿಂಪಿಯಾ ಇವರು, "ಲೋ, ಅದು ಮೈಕಲ್ಲ ಕಣೋ, ಕುಡಿದು ಈ ಕಡೆ ಕೊಡು" ಎಂದಿರುವುದು ವರದಿಯಾಗಿದೆ. ಮೈಕಿನ ಕೊರತೆಯನ್ನು ಗಂಭೀರವಾಗಿ ಪರಿಗಣಿಸಿ ಮರಕ್ಕೆ ಒಂದು ಮೈಕ್ ಮಂಜೂರು ಮಾಡಲಾಗಿದೆ. ಮೈಕಿನಿಂದ ತೆರೆರೆ ಕುಡಿಯತಕ್ಕದ್ದಲ್ಲ.

3. ಕರುಣೆಯನ್ನು ಮಂಗಳವಾರ ಹತ್ತರಿಂದ ಹನ್ನೊಂದರವರೆಗೆ ಮಾತ್ರ ತೋರತಕ್ಕದ್ದು. ಬಸ್ಸಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಅಥವಾ ಕಾಕುಪೆಯ ಮೇರಿ ಮಾತೆಯ ಯಾತ್ರೆಯ ದಾರಿಯಲ್ಲಿ ತೋರಿದ ಕರುಣೆಗೆ ಅಂಕವಿರುವುದಿಲ್ಲ.

4. ಸಮಗ್ರ ಶಿಕ್ಷಣವು ದೇಹ, ಬುದ್ಧಿ, ಆತ್ಮ ಮೂರನ್ನೂ ಒಳಗೊಂಡಿರುವುದರಿಂದ, ಪ್ರತಿ ವಿದ್ಯಾರ್ಥಿಯೂ ಆತ್ಮವನ್ನು ಖುದ್ದಾಗಿ ಹಾಜರುಪಡಿಸಿ ಮೊಹರು ಹಾಕಿಸಿಕೊಳ್ಳತಕ್ಕದ್ದು. ಮಡಚಿದ ಆತ್ಮಗಳನ್ನು ಸ್ವೀಕರಿಸಲಾಗುವುದಿಲ್ಲ. ಸಿಬ್ಬಂದಿಗೆ ಈ ನಿಯಮದಿಂದ ವಿನಾಯಿತಿ ನೀಡಲಾಗಿದೆ, ಅವರಲ್ಲಿ ಹುಡುಕಿದರೂ ಸಿಗದ ಕಾರಣ.

5. ಗುಂಪಿನ ಅತಿ ಕಡಿಮೆ ಅಂಕವೇ ಗುಂಪಿನ ಎಲ್ಲರ ಅಂಕವೆಂದು ಈ ಶಾಖೆಯೇ ಹಿಂದೆ ಆದೇಶಿಸಿದ್ದು, ಅದನ್ನು ಯಾರೂ ಓದಿರಲಿಲ್ಲ. ವಿದ್ಯಾರ್ಥಿಗಳು ಓದಿರುತ್ತಾರೆ. ಅದರಂತೆ ತಮಗೂ ಐದಕ್ಕೆ ಒಂದು ಅಂಕವನ್ನೇ ನೀಡಬೇಕೆಂದು ಅವರೆಲ್ಲರೂ ಕೋರಿರುತ್ತಾರೆ. ಎಲ್ಲರ ಅರ್ಜಿಯೂ ಒಂದೇ ರೀತಿ ಇದ್ದುದರಿಂದ ಅದನ್ನು ನಕಲು ಎಂದು ತಿರಸ್ಕರಿಸಲಾಯಿತು. ಆದರೆ ನಿಯಮವನ್ನು ತಿರಸ್ಕರಿಸಲು ನಿಯಮವಿರುವುದಿಲ್ಲವಾದ್ದರಿಂದ ಗುಂಪಿನ ಎಲ್ಲರೂ ಅನುತ್ತೀರ್ಣರಾಗುತ್ತಾರೆ.

6. ಶ್ರೀ ಎವೆರ್ ಇವರನ್ನು ಮಾತ್ರ ಬೇರೆ ಗುಂಪಿಗೆ ವರ್ಗಾಯಿಸಲು ಈ ಕಚೇರಿಯು ಖಾಸಗಿಯಾಗಿ ಸಲಹೆ ನೀಡಿದಾಗ ಸದರಿಯವರು, "ಅಪ್ಪಾ, ಅವಳು ಹಾಕಿದ ನೀರು ಕುಡಿದು ಪಾಸಾದವನು ನಾನು. ನಡುವೆ ಎದ್ದು ಬರಲ್ಲ. ಮನೆಗೂ ಬರಲ್ಲ" ಎಂದು ನುಡಿದು ಹೊರಟುಹೋಗಿರುತ್ತಾರೆ. ಕಚೇರಿಯ ವೇಳೆಯಲ್ಲಿ ನಿರ್ದೇಶಕರನ್ನು 'ಅಪ್ಪಾ' ಎಂದು ಸಂಬೋಧಿಸಿದ್ದಕ್ಕೆ ಪ್ರತ್ಯೇಕವಾಗಿ ಕಾರಣ ಕೇಳಲಾಗಿದೆ.

7. ಮೇಲ್ಕಂಡ ಯಾವುದಕ್ಕೂ ಸಂಬಂಧವಿಲ್ಲದ ತಾಂತ್ರಿಕ ಕಾರಣಗಳಿಂದಾಗಿ, ಕುಮಾರಿ ಸುನಿಲ್ದಾ ಇವರ 'ಒಂದು' ಅಂಕವನ್ನು 'ಐದು' ಎಂದು ಓದಿಕೊಳ್ಳತಕ್ಕದ್ದು. ನೀರು ಹಾಕುವುದು ಕಲಿಕೆಯಲ್ಲವೆಂಬ ಇಲಾಖೆಯ ನಿಲುವಿನಲ್ಲಿ ಬದಲಾವಣೆ ಇರುವುದಿಲ್ಲ.

(ಸಹಿ)
ಹೆರ್ಮಿನಿಯೊ ಬರೇಯ್ರೊ
ನಿರ್ದೇಶಕರು, ಸಮಗ್ರ ವಿಕಾಸ ಶಾಖೆ

ಪ್ರತಿಗಳು:
1. ಕುಮಾರಿ ಸುನಿಲ್ದಾ ಅಯಾಲಾ: ಪದವಿ ಪತ್ರ ಪಡೆದು ಊರಿನ ಬೀಗ ತೆಗೆಯಲು.
2. ವೀಕ್ಷಕರು: ವರದಿ ಕೊಟ್ಟ ಮೇಲೂ ಮರದಡಿಯಿಂದ ಎದ್ದು ಬಂದಿಲ್ಲವಾದ್ದರಿಂದ, ಅಲ್ಲಿಯೇ ತಲುಪಿಸುವುದು.
3. ಮಾವಿನ ಮರ: ಕಾಂಡಕ್ಕೆ ಅಂಟಿಸಲು.
4. ಸಹಿದಾರರ ಪತ್ನಿ: ಮಗನು ಇನ್ನು ಮನೆಗೆ ಊಟಕ್ಕೆ ಬರಬಹುದೆಂದು ಆತನಿಗೆ ತಿಳಿಸುವ ಕೋರಿಕೆಯೊಂದಿಗೆ.
5. ಕಡತಕ್ಕೆ.